ತಾಯಿಪ್ರತಿಯ ತಪ್ಪು



ನಮ್ಮ ರೋಣದ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಹೋದ ವರ್ಷ ಅಬ್ಬಿಗೇರಿಯ ನಮ್ಮ ಮನೆಗೆ ತಂಗಿಯ ಜೊತೆಯಲ್ಲಿ ಅವಳ ಮಗನೂ ಬಂದಿದ್ದ. ಬೆಂಗಳೂರಿನಲ್ಲಿ ಅವನಿಗೆ ಗಣಕಯಂತ್ರದ ಉದ್ಯೋಗ. ಓಣಿಯ ಹುಡುಗರೆಲ್ಲ ಜೋಕಾಲಿಯಾಡುತ್ತಿದ್ದರೆ ಇವನೊಬ್ಬ ಪಡಸಾಲೆಯ ಕಂಬಕ್ಕೊರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ. ಅವನವ್ವ ಇಟ್ಟುಹೋದ ಉಂಡಿ ಮುಟ್ಟದೆ ಹಾಗೆಯೇ ಇದ್ದವು. ಅಂಥ ಕೆಲಸವೇನಪ್ಪ ಎಂದು ಕೇಳಿದೆ.

“ನಾನೂರು ಮಷೀನಿಗೆ ಹೊಸಾ ಸಾಫ್ಟ್‌ವೇರ್ ಹಾಕಬೇಕ್ರಿ ಮಾಮಾ. ಅದರಾಗ ಒಂದೂ ಕಣ್ಣಿಗೆ ಕಾಣೂದಿಲ್ಲ” ಎಂದು ನಕ್ಕ.

ಅವನು ಬಿಡಿಸಿ ಹೇಳಿದ್ದು ಹೀಗೆ. ಒಂದು ದೊಡ್ಡ ಗಣಕಯಂತ್ರದ ಒಡಲಿನಲ್ಲಿ ಅನೇಕ ಕಲ್ಪಿತ ಯಂತ್ರಗಳನ್ನು ನೆಲೆಗೊಳಿಸಬಹುದು. ಪ್ರತಿಯೊಂದೂ ತಾನು ಸ್ವತಂತ್ರವೆಂದೇ ಬಗೆದು ದುಡಿಯುತ್ತದೆ. ಐಬಿಎಂ ಸಂಸ್ಥೆ ಇಂಥದೊಂದು ವ್ಯವಸ್ಥೆಯನ್ನು 1972ರಷ್ಟು ಹಿಂದೆಯೇ ಪ್ರಕಟಿಸಿತ್ತು. ಇಂಬು ಕೊಡುವ ಯಂತ್ರವನ್ನು ‘ಹೋಸ್ಟ್’ ಎನ್ನುತ್ತಾರೆ, ಇಂಬು ಪಡೆದದ್ದನ್ನು ‘ಗೆಸ್ಟ್’ ಎನ್ನುತ್ತಾರೆ. ಮನೆಯೊಡೆಯನ ಗಡಿಯಾರಕ್ಕೆ ತನ್ನದನ್ನು ಹೊಂದಿಸಿಕೊಳ್ಳಲು, ಹೇಳಿದಾಗ ಕ್ರಮವಾಗಿ ಕೆಲಸ ನಿಲ್ಲಿಸಲು ಅತಿಥಿಯೊಳಗೆ ಒಂದು ಸಣ್ಣ ತಂತ್ರಾಂಶವಿರುತ್ತದೆ. ಮನೆ ಹೊಸದಾದಂತೆ ಅದನ್ನೂ ಹೊಸದುಮಾಡಬೇಕು.

ಈ ಅತಿಥಿಗಳನ್ನು ಒಂದು ಪಡಿಯಚ್ಚಿನಿಂದ ತೆಗೆದಿರುತ್ತಾರೆ. ಹಾಗಾದರೆ ಅಚ್ಚನ್ನು ತಿದ್ದಿದರೆ ಸಾಲದೇ? ಸಾಲದು. ನಾಳೆ ಹುಟ್ಟುವವು ಸರಿಯಾಗಿ ಹುಟ್ಟಿಯಾವು. ನಿನ್ನೆ ಹುಟ್ಟಿದವು ಹಳೆಯ ದೋಷವನ್ನು ಹೊತ್ತುಕೊಂಡೇ ಇರುತ್ತವೆ. ಅದಕ್ಕಿಂತ ಕಷ್ಟ, ಆರಿಸಿಟ್ಟ ಯಂತ್ರಗಳದು. “ಎದ್ದವಕ್ಕ ಔಷಧ ಕುಡಸಬಹುದು ಮಾಮಾ, ಮಲಗಿದವಕ್ಕ ಹ್ಯಾಂಗ ಕುಡಸೂದು?” ಎಂದ. ತಿಂಗಳುಗಟ್ಟಲೆ ಮಲಗಿದ್ದ ಯಂತ್ರ ಒಂದು ದಿನ ಎದ್ದರೆ ಹಳೆಯ ದೋಷದೊಡನೆಯೇ ಏಳುತ್ತದೆ.

ತಿದ್ದುವುದರಲ್ಲಿ ಅವಸರವೂ ಸಲ್ಲದು. ಮೊದಲು ಇದ್ದ ಸ್ಥಿತಿಯ ನಕಲೊಂದನ್ನು ತೆಗೆದಿಡಬೇಕು. ಬಳಿಕ ಒಂದನ್ನು ತಿದ್ದಿ ನೋಡಿ, ಹತ್ತನ್ನು ತಿದ್ದಿ ನೋಡಿ, ಆಮೇಲೆ ಉಳಿದವಕ್ಕೆ ಕೈ ಹಚ್ಚಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ಕಳಿಸಿದ ಒಂದು ತಿದ್ದುಪಡಿಯಲ್ಲಿಯೇ ದೋಷವಿದ್ದು, ಜಗತ್ತಿನ ಸುಮಾರು 85 ಲಕ್ಷ ಗಣಕಯಂತ್ರಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು.

ಇದನ್ನೆಲ್ಲ ಕೇಳುತ್ತಿದ್ದಂತೆ ನನಗೆ ಓಲೆಗರಿಯ ಲಿಪಿಕಾರರು ನೆನಪಾದರು. ಒಬ್ಬನ ಕೈತಪ್ಪು ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ತಪ್ಪಾಗುತ್ತದೆ. ಗ್ರಂಥಸಂಪಾದಕ ಆ ತಪ್ಪುಗಳ ಜಾಡು ಹಿಡಿದೇ ಯಾವ ಪ್ರತಿ ಯಾವುದರ ಮಗು ಎಂದು ಗುರುತಿಸುತ್ತಾನೆ. ಇದನ್ನು ತರಗತಿಯಲ್ಲಿ ವರ್ಷವರ್ಷವೂ ಬೋಧಿಸಿದವನು ನಾನು. ಆದರೆ ನಾನೇ ಅಂಥ ಒಂದು ತಾಯಿಪ್ರತಿಯಾಗಿದ್ದೆ.

‘ಕವಿರಾಜಮಾರ್ಗ’ವನ್ನು 1898ರಲ್ಲಿ ಸಂಪಾದಿಸಿ ಅಚ್ಚಿಗೆ ತಂದ ಕೆ. ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಅನಂತರದ ವಿದ್ವಾಂಸರಲ್ಲಿ ಬಹುಮಂದಿ, ಅದನ್ನು ರಚಿಸಿದವನು ನೃಪತುಂಗನ ಆಸ್ಥಾನದ ಶ್ರೀವಿಜಯ, ಅರಸನದು ಅನುಮೋದನೆಯಷ್ಟೇ ಎಂದು ನಿರ್ಣಯಿಸಿದ್ದಾರೆ. ನಾನಾದರೋ ಅಧ್ಯಾಪಕನಾದ ಮೊದಲ ಏಳು ವರ್ಷ, ಎಲ್ಲಿಂದಲೋ ಇಳಿಸಿಕೊಂಡ ಹಳೆಯ ಟಿಪ್ಪಣಿಯನ್ನೇ ನಂಬಿ, ನೃಪತುಂಗ ಬರೆದನೆಂದು ಬರೆಯಿಸಿದೆ. ತಿಳಿದ ದಿನ ನನ್ನ ನೋಟುಬುಕ್ಕನ್ನು ತಿದ್ದಿಕೊಂಡೆ. ಮುಂದಿನವರಿಗೆ ಸರಿಯಾದ ಪಾಠ ದೊರೆಯಿತು. ಹಿಂದಿನವರ ನೆನಪೇ ನನಗಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಕಾಲದ ಶಿಷ್ಯನೊಬ್ಬ, ಈಗ ತಾನೂ ಮಾಸ್ತರನಾಗಿರುವವನು, ಮಗಳನ್ನು ಕರೆತಂದು ನನ್ನೆದುರು ಪಾಠ ಒಪ್ಪಿಸಲು ಹೇಳಿದ. ಹುಡುಗಿ ನೃಪತುಂಗನ ಹೆಸರನ್ನೇ ಹೇಳಿತು. “ನೀವು ಬರೆಸಿದ್ದ ರೀ ಸರ್” ಎಂದು ಅವನು ಹೆಮ್ಮೆಪಟ್ಟ. ಆ ಹೆಮ್ಮೆಯನ್ನು ಮುರಿಯುವ ಧೈರ್ಯವಾಗದೆ ನಾನು ಸುಮ್ಮನಿದ್ದೆ.

ಪಂಚಮಿ ಮುಗಿಸಿ ತಂಗಿ, ಅಳಿಯ ಊರಿಗೆ ಹೋದ ಮೇಲೆ, ಮೊದಲು ಆ ಶಿಷ್ಯನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಆಮೇಲೆ ನೆನಪಿದ್ದ ಹೆಸರುಗಳನ್ನು ಬರೆದುಕೊಂಡು ಒಬ್ಬೊಬ್ಬರನ್ನೇ ಹುಡುಕತೊಡಗಿದೆ. ಈವರೆಗೆ ಹನ್ನೊಂದು ಜನ ಸಿಕ್ಕಿದ್ದಾರೆ. ಒಬ್ಬ ತೀರಿಕೊಂಡಿದ್ದಾನೆ. ಉಳಿದವರು ಎಲ್ಲಿರುವರೋ ತಿಳಿಯದು. ಬಾನುಲಿ ಅವರ ಮನೆಯನ್ನೂ ಮುಟ್ಟೀತೆಂಬ ಆಸೆಯಿಂದ ಇಲ್ಲಿ ಹೇಳುತ್ತಿದ್ದೇನೆ.

ಆ ಏಳು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಕುಳಿತವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ದಯವಿಟ್ಟು ತಿದ್ದಿಕೊಳ್ಳಿರಿ. ನಿಮ್ಮಿಂದ ಕಲಿತವರಿಗೂ ತಿಳಿಸಿರಿ.