ಆಟ ಮುಗಿದ ಮೇಲೆ ಉಳಿಯುವುದು ಏನು?

(ಶ್ರಮಿಕರಾದ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಇಂದು ಮೇ ತಿಂಗಳ ಮೊದಲ ದಿನ, ಶ್ರಮಿಕರಾದ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ನಜರೇತಿನ ಬಡಗಿಯ ಬೆವರಿನ ಬಗ್ಗೆ ಪ್ರತಿವರ್ಷ ಈ ದಿನ ಕೇಳುತ್ತೀರಿ. ಈ ಸಲ ಅಮೆರಿಕದ ಒಬ್ಬ ಆಟಗಾರರ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ಆಲನ್ ಪೇಜ್. ಹಬ್ಬದ ದಿನ ಆಟಗಾರನ ಕಥೆ ಏಕೆ ಎಂದು ಕೇಳುತ್ತೀರಾ? ಕೈಯ ಬಲ ಕುಂದಿದ ಮೇಲೆ, ಚಪ್ಪಾಳೆ ನಿಂತ ಮೇಲೆ, ದುಡಿದವನ ಬಳಿ ಉಳಿಯುವುದು ಏನು ಎಂಬ ಪ್ರಶ್ನೆ ನಮ್ಮೆಲ್ಲರದು. ಅದಕ್ಕೆ ಅವರ ಬದುಕು ಒಂದು ಉತ್ತರ ಕೊಡುತ್ತದೆ.

ಪೇಜ್ ಅವರು 1945ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದ ಕರಿಯ ಜನಾಂಗದ ಕುಟುಂಬವೊಂದರಲ್ಲಿ ಹುಟ್ಟಿದರು. ಮಕ್ಕಳು ಓದಲೇಬೇಕು ಎಂಬುದು ಹೆತ್ತವರ ಹಟ. ಹದಿಮೂರನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ಅಲ್ಲಿನ ಕಥೋಲಿಕ ಪ್ರೌಢಶಾಲೆಯಲ್ಲಿ ಕಲಿತರು. ಬಳಿಕ ಪವಿತ್ರ ಶಿಲುಬೆ ಸಭೆಯ ಗುರುಗಳು ಸ್ಥಾಪಿಸಿದ ನೋಟರ್ ಡೇಮ್ ವಿಶ್ವವಿದ್ಯಾಲಯ ಸೇರಿ 1967ರಲ್ಲಿ ಪದವಿ ಪಡೆದರು. ಹದಿಹರೆಯದಲ್ಲಿ ಅವರು ತಮ್ಮೂರಿನ ಒಂದು ಕಟ್ಟಡದ ಕೆಲಸದಲ್ಲಿ ಕೂಲಿಯಾಗಿ ದುಡಿದಿದ್ದರು. ಅದು ಅಮೆರಿಕನ್ ಫುಟ್‌ಬಾಲ್‌ನ ಶ್ರೇಷ್ಠ ಆಟಗಾರರ ಗೌರವಮಂದಿರ. 1963ರಲ್ಲಿ ಅದು ತೆರೆಯಿತು. ಈ ಮಾತನ್ನು ನೆನಪಿನಲ್ಲಿಡಿ.

ಅಮೆರಿಕನ್ ಫುಟ್‌ಬಾಲ್ ನಮ್ಮ ಮಕ್ಕಳು ಕಾಲಿನಿಂದ ಒದ್ದು ಆಡುವ ಆಟವಲ್ಲ. ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ತಲೆಗೆ ಶಿರಸ್ತ್ರಾಣ ಧರಿಸಿದ ಹನ್ನೊಂದು ಮಂದಿ ಇನ್ನೊಂದು ತಂಡದ ಹನ್ನೊಂದು ಮಂದಿಗೆ ಎದೆಗೊಟ್ಟು ನಿಲ್ಲುತ್ತಾರೆ. ಪೇಜ್ ಅವರದು ರಕ್ಷಣೆಯ ಮುಂಸಾಲಿನ ನಡುವಿನ ಸ್ಥಾನ. ಎದುರಾಳಿಗಳ ಗೋಡೆಯನ್ನು ಸೀಳಿ ಒಳನುಗ್ಗಿ ಚೆಂಡು ಹಿಡಿದವನನ್ನು ಕೆಡಹುವುದು ಅವರ ಕೆಲಸ. ಅಂಕ ಗಳಿಸುವವನಿಗೆ ಸಿಗುವ ಹೆಸರು ತಡೆಯುವವನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ 1971ರಲ್ಲಿ ಮಿನಿಸೋಟ ವೈಕಿಂಗ್ಸ್ ತಂಡದ ಪೇಜ್ ಅವರು ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. ರಕ್ಷಣಾ ಆಟಗಾರನೊಬ್ಬನಿಗೆ ಆ ಗೌರವ ದಕ್ಕಿದ್ದು ಅದೇ ಮೊದಲು. ಹದಿನೈದು ವರ್ಷಗಳಲ್ಲಿ 218 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದರು. ಆದರೆ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಅವರ ತಂಡ ನಾಲ್ಕು ಸಲ ಆಡಿ ನಾಲ್ಕು ಸಲವೂ ಸೋತಿತು.

ಪ್ರಿಯರೇ, ಆ ದಿನಗಳಲ್ಲಿ ನಡೆದ ಒಂದು ಘಟನೆಯನ್ನು ಪೇಜ್ ಅವರೇ ಹೇಳಿಕೊಂಡಿದ್ದಾರೆ. ತಂಡದ ಸಭೆಯೊಂದರಲ್ಲಿ ಆಟದ ಯೋಜನೆಯ ಪುಸ್ತಕವನ್ನು ಗಟ್ಟಿಯಾಗಿ ಓದಲು ಹೇಳಿದಾಗ ಕೆಲವು ಆಟಗಾರರು ತಡವರಿಸಿದರು. ಕಾಲೇಜು ಮೆಟ್ಟಿಲು ಹತ್ತಿ ಬಂದವರು ಅವರು. ಅವರಿಗೆ ಓದಲು ಬರುತ್ತಿರಲಿಲ್ಲ! ಚೆನ್ನಾಗಿ ಆಡುತ್ತಾನೆ ಎಂಬ ಕಾರಣಕ್ಕೆ ಪ್ರತಿ ತರಗತಿಯಲ್ಲೂ ಅವರನ್ನು ಮುಂದೆ ತಳ್ಳಿದ್ದರು. ಅವರ ತೋಳಬಲ ಎಲ್ಲರಿಗೂ ಬೇಕಾಗಿತ್ತು. ಅವರ ನಾಳೆ ಯಾರಿಗೂ ಬೇಕಾಗಿರಲಿಲ್ಲ.

ಪೇಜ್ ಅವರಿಗೆ ಚಿಕ್ಕಂದಿನಿಂದಲೂ ವಕೀಲನಾಗುವ ಆಸೆ. ಒಮ್ಮೆ ಕಾನೂನು ಕಾಲೇಜು ಸೇರಿ ಕೆಲವೇ ವಾರಗಳಲ್ಲಿ ಬಿಟ್ಟುಬಂದಿದ್ದರು. ಮೂವತ್ತು ವರ್ಷವಾಗಿದ್ದಾಗ ಮತ್ತೆ ಸೇರಿದರು. ಹೆಸರುವಾಸಿ ಆಟಗಾರನಾಗಿದ್ದುಕೊಂಡೇ ಓದಿ 1978ರಲ್ಲಿ ಕಾನೂನು ಪದವಿ ಪಡೆದರು. ಅದೇ ವರ್ಷ, ಆಟದ ಋತುವಿನ ನಡುವೆಯೇ, ವೈಕಿಂಗ್ಸ್ ತಂಡ ಅವರನ್ನು ಕೈಬಿಟ್ಟಿತು. ದೂರದ ಓಟದ ಅಭ್ಯಾಸದಿಂದ ಅವರ ಮೈತೂಕ ಇಳಿದಿತ್ತು. ಇನ್ನು ಇವರಿಂದ ಆಗದು ಎಂದುಕೊಂಡರು. ಷಿಕಾಗೊ ತಂಡ ಕರೆದುಕೊಂಡಿತು. 1981ರವರೆಗೆ ಅಲ್ಲಿ ಆಡಿದರು. ಆಟ ಮುಗಿದಾಗ ಅವರ ಕೈ ಬರಿದಾಗಿರಲಿಲ್ಲ.

1992ರಲ್ಲಿ ಮಿನಿಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಸ್ಥಾನಕ್ಕೆ ಸ್ಪರ್ಧಿಸಲು ಹೊರಟರು. ಅಲ್ಲಿ ನ್ಯಾಯಾಧೀಶರನ್ನು ಜನರು ಮತ ಹಾಕಿ ಆರಿಸುತ್ತಾರೆ. ಹಾಲಿ ನ್ಯಾಯಾಧೀಶರ ಅವಧಿ ವಿಸ್ತರಿಸಿದ್ದರಿಂದ ಚುನಾವಣೆಯೇ ಇಲ್ಲದಂತಾಯಿತು. ಪೇಜ್ ಅವರು ಮೊಕದ್ದಮೆ ಹೂಡಿ ಗೆದ್ದರು. ಚುನಾವಣೆ ನಡೆದಾಗ ಅದನ್ನೂ ಗೆದ್ದರು. ಆ ನ್ಯಾಯಪೀಠದಲ್ಲಿ ಕುಳಿತ ಮೊದಲ ಕರಿಯ ಜನಾಂಗದವರು ಅವರೇ. 2015ರಲ್ಲಿ, ಎಪ್ಪತ್ತು ತುಂಬಿದಾಗ, ನಿಯಮದಂತೆ ನಿವೃತ್ತರಾದರು.

ಈಗ ಆ ಕಟ್ಟಡಕ್ಕೆ ಮರಳೋಣ. 1988ರಲ್ಲಿ ಕ್ಯಾಂಟನ್‌ನ ಆ ಗೌರವಮಂದಿರಕ್ಕೆ ಪೇಜ್ ಅವರನ್ನು ಸೇರಿಸಿಕೊಂಡರು. ಹುಡುಗನಾಗಿ ದುಡಿದ ಗೋಡೆಗಳ ನಡುವೆ ಅವರ ಪ್ರತಿಮೆ ನಿಂತಿತು. ತಮ್ಮನ್ನು ಸಭೆಗೆ ಪರಿಚಯಿಸಲು ಅವರು ಆರಿಸಿಕೊಂಡದ್ದು ಒಬ್ಬ ಶಾಲಾ ಮುಖ್ಯೋಪಾಧ್ಯಾಯಿನಿಯನ್ನು! ಆಟದ ಬಗ್ಗೆ ಕೇಳಲು ಬಂದವರಿಗೆ ಮಕ್ಕಳ ಓದಿನ ಬಗ್ಗೆ ಮಾತಾಡಿದರು. ಅದೇ ವರ್ಷ ಪತ್ನಿ ಡಯೇನ್ ಅವರೊಡನೆ ವಿದ್ಯಾನಿಧಿಯೊಂದನ್ನು ಕಟ್ಟಿದರು. ಅದರ ನೆರವಿನಿಂದ ಸಾವಿರಾರು ವಿದ್ಯಾರ್ಥಿಗಳು ಓದಿದ್ದಾರೆ. ಹಣ ಪಡೆದವರಿಗೆ ಒಂದು ಷರತ್ತಿತ್ತು: ತಮಗಿಂತ ಚಿಕ್ಕ ಮಕ್ಕಳ ಬಳಿ ಹೋಗಿ ಅವರಿಗೆ ಪಾಠ ಹೇಳಿಕೊಡಬೇಕು. ಪಡೆದದ್ದು ತನ್ನಲ್ಲೇ ನಿಲ್ಲಬಾರದು. ತಲಾಂತನ್ನು ಹೂತಿಟ್ಟ ಸೇವಕನ ಸಾಮತಿ ನಿಮಗೆ ನೆನಪಾಗಬಹುದು.

2018ರ ಸೆಪ್ಟೆಂಬರ್‌ನಲ್ಲಿ ಡಯೇನ್ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ ಪೇಜ್ ಅವರಿಗೆ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ದೊರೆಯಿತು. ಅದಕ್ಕೂ ಮುಂಚೆ, 2017ರಲ್ಲಿ, ಮಿನಿಯಾಪೊಲಿಸ್‌ನ ಮಾಧ್ಯಮಿಕ ಶಾಲೆಯೊಂದಕ್ಕೆ ಅವರ ಹೆಸರಿಟ್ಟರು. ಹೆಸರು ಬದಲಾಗಬೇಕೆಂದು ಪಟ್ಟು ಹಿಡಿದವರು ಅಲ್ಲಿನ ಮಕ್ಕಳೇ. ಪಂದ್ಯ ನೋಡಿ ಚಪ್ಪಾಳೆ ತಟ್ಟಿದವರಲ್ಲ ಆ ಮಕ್ಕಳು. ಅವರು ಹುಟ್ಟುವ ಎಷ್ಟೋ ಮೊದಲೇ ಆ ಆಟ ಮುಗಿದಿತ್ತು.

ತಂದೆತಾಯಂದಿರೇ, ನಿಮ್ಮ ಮಗ ಚೆನ್ನಾಗಿ ಆಡಿದರೆ ಸಂತೋಷಪಡಿ. ಮಗಳು ಓಟದಲ್ಲಿ ಪದಕ ತಂದರೆ ಬೆನ್ನು ತಟ್ಟಿ. ಆದರೆ ಅವರ ಬಲವನ್ನು ಹೊಗಳಿ ಅವರ ನಾಳೆಯನ್ನು ಮರೆಯುವವರ ಸಾಲಿನಲ್ಲಿ ನಾವು ನಿಲ್ಲಬಾರದು. ಸಂತ ಜೋಸೆಫರು ನಜರೇತಿನಲ್ಲಿ ಮರ ಕೆತ್ತಿದರು. ಅವರು ಮಾಡಿದ ಒಂದು ಮಣೆಯೂ ಇಂದು ಉಳಿದಿಲ್ಲ. ಅವರು ಕೈಹಿಡಿದು ಕೆಲಸ ಕಲಿಸಿದ ಮಗ ಇದ್ದಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಓದಲು ತಡವರಿಸುವ ಒಂದು ಮಗುವಾದರೂ ಇರಬಹುದು. ಈ ಬೇಸಿಗೆ ರಜೆಯಲ್ಲಿ ಆ ಮಗುವಿನ ಪಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ಕುಳಿತುಕೊಳ್ಳಿ. ಹಬ್ಬದ ಕಾಣಿಕೆಯಾಗಿ ಸಂತ ಜೋಸೆಫರಿಗೆ ಅದನ್ನೇ ಒಪ್ಪಿಸಿ.

ಶ್ರಮಿಕರ ಪಾಲಕರಾದ ಸಂತ ಜೋಸೆಫರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಆಮೆನ್.