ಹೊರದೇಶದಲ್ಲಿರುವ ಮಕ್ಕಳಿಗೆ ರೊಕ್ಕ ಕಳಿಸುವ ಬಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಬೆಳೆಸಾಲದ ಮಾತು ನಡೆಯಬೇಕಾದ ಈ ಪೆಂಡಾಲಿನಲ್ಲಿ ಡಾಲರ್, ಯೂರೋ ಮಾತು ಯಾಕ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಕರೆಯಲು ಬಂದ ಕಾರ್ಯದರ್ಶಿಯವರು ಒಂದು ಮಾತು ಹೇಳಿದರು. "ಸಾಹೇಬ್ರ, ಈ ವರ್ಷ ಮೂರು ಮಂದಿ ಸಂಘಕ್ಕ ಬಂದು, ಮಗ ಜರ್ಮನಿಗೆ ಹೊಂಟಾನ, ಇಲ್ಲಿಂದನ ರೊಕ್ಕ ಕಳಸಾಕ ಬರತೈತೇನು ಅಂತ ಕೇಳಿದ್ರು. ನಮಗ ಏನ ಹೇಳಬೇಕು ತಿಳೀಲಿಲ್ಲ" ಅಂದರು. ಆ ಮೂರು ಮಂದಿಗಾಗಿ ಬಂದಿದ್ದೇನೆ ಅಂತ ತಿಳಿಯಿರಿ.

ಮೊದಲು ಅವರ ಪ್ರಶ್ನೆಗೇ ಉತ್ತರ. ಸಂಘದಿಂದ ಬರೋದಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ನಮ್ಮ ಪಕ್ಕದ ಕಣಗಿನಹಾಳದಲ್ಲಿ ಹುಟ್ಟಿತು, ಸಿದ್ದನಗೌಡ ಪಾಟೀಲರ ಹೆಸರು ನಿಮಗೆಲ್ಲ ಗೊತ್ತು. ಊರಿನ ರೊಕ್ಕ ಊರಿಗೇ ಉಪಯೋಗ ಆಗಲಿ ಅನ್ನುವುದಕ್ಕೆ ಹುಟ್ಟಿದ ಸಂಸ್ಥೆ ಇದು. ಪರದೇಶಕ್ಕೆ ರೊಕ್ಕ ಕಳಿಸುವ ಅಧಿಕಾರವನ್ನು ರಿಸರ್ವ್ ಬ್ಯಾಂಕು ಅಧಿಕೃತ ವಿನಿಮಯ ಬ್ಯಾಂಕುಗಳಿಗೆ ಮತ್ತು ಲೈಸೆನ್ಸ್ ಇರುವ ಕೆಲವು ಸಂಸ್ಥೆಗಳಿಗೆ ಮಾತ್ರ ಕೊಟ್ಟಿದೆ. ಆದ್ದರಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಲೇಬೇಕು. ಅಲ್ಲಿಯೂ ಎಲ್ಲ ಶಾಖೆಗಳಲ್ಲಿ ಈ ಕೆಲಸ ಇರುವುದಿಲ್ಲ, ಮೊದಲೇ ವಿಚಾರಿಸಿ ಬಸ್ಸು ಹತ್ತಿರಿ.

ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಮೇಜಿನ ಮುಂದೆ ಬಹಳ ವರ್ಷ ಕೂತವನು. ಆಗ 1973ರ ಫೆರಾ ಕಾಯಿದೆ ಇತ್ತು. ಪರವಾನಿಗೆ ಇಲ್ಲದೆ ಒಂದು ಡಾಲರ್ ಕಳಿಸಿದರೂ ಅಪರಾಧಿಯ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಅದಕ್ಕೂ ಮೊದಲು ಅಮೇರಿಕೆಗೆ ಓದಲು ಹೋದವರು ಎಂಟು ಡಾಲರ್ ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನು ಇಂದಿಗೂ ಹೇಳುತ್ತಾರೆ. 1999ರಲ್ಲಿ ಫೆಮಾ ಕಾಯಿದೆ ಬಂತು, 2000ದ ಜೂನ್ 1ರಿಂದ ಜಾರಿಯಾಯಿತು. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ರವಾನೆ ಯೋಜನೆ ತಂದಿತು. ಮೊದಲು 25,000 ಡಾಲರ್ ಇದ್ದ ಮಿತಿ 2015ರಿಂದ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಆಗಿದೆ. ನಮ್ಮಂಥವರಿಗೆ ಈ ಮಿತಿ ಮುಟ್ಟುವ ಚಿಂತೆಯೇ ಇಲ್ಲ ಬಿಡ್ರಿ. ನಮ್ಮ ಚಿಂತೆ ಬೇರೆ.

ಎರಡು ವರ್ಷದ ಹಿಂದೆ ಪಕ್ಕದ ಊರಿನ ರೈತರೊಬ್ಬರು ನಮ್ಮ ಮನೆಗೆ ಬಂದರು. ಕೈಚೀಲದಲ್ಲಿ ನಾಲ್ಕು ಲಕ್ಷ ರೂಪಾಯಿ. ಎರಡು ಎಕರೆ ಎರಿ ಹೊಲ ಬರೆದುಕೊಟ್ಟು ತಂದದ್ದು. "ಸಾಹೇಬ್ರ, ಮಾರ್ಕೆಟ್ಟಿನ್ಯಾಗ ಒಬ್ಬಾಂವ ಅದಾನ. ಇಲ್ಲಿ ಕೊಟ್ರ ಅರ್ಧ ತಾಸಿನ್ಯಾಗ ಅಲ್ಲಿ ಮಗನ ಕೈಗೆ ಮುಟ್ಟಿಸ್ತಾನಂತ. ಬ್ಯಾಂಕಿನಕಿಂತ ರೇಟೂ ಚಲೋ ಐತಿ. ಕೊಡ್ಲೇನು?" ಅಂತ ಕೇಳಿದರು.

ಅದೇ ಹವಾಲಾ. ಹಿಂದಿನ ಕಾಲದ ವ್ಯಾಪಾರಿಗಳ ಹುಂಡಿ ಬೇರೆ ಮಾತು, ಅದು ಕಾಗದದ ಮೇಲೆ ಸಹಿ ಇದ್ದ ವ್ಯವಹಾರ. ಗಡಿ ದಾಟಿಸುವ ಹವಾಲಾ ಫೆಮಾ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ನಾಲ್ಕು ಲಕ್ಷಕ್ಕೆ ಹನ್ನೆರಡು ಲಕ್ಷ! ಇದನ್ನು ಹೇಳಿದಾಗ ಅವರು ಅಷ್ಟು ಹೆದರಲಿಲ್ಲ. "ಎಲ್ಲಾರೂ ಮಾಡ್ತಾರಲ್ರಿ" ಅಂದರು. ಆಗ ಕೇಳಿದೆ, "ಆ ಮನುಷ್ಯ ರೊಕ್ಕ ಮುಟ್ಟಿಸಲಿಲ್ಲ ಅಂದ್ರ ನಿಮ್ಮ ಕೈಯಾಗ ಏನ ಚೀಟಿ ಐತಿ? ಯಾವ ಠಾಣೆಗೆ ಹೋಗ್ತೀರಿ?" ಅವರು ಸುಮ್ಮನಾದರು. ಇನ್ನೊಂದನ್ನೂ ಹೇಳಿದೆ. ಅಲ್ಲಿ ಮಗನ ಖಾತೆಗೆ ಗುರುತಿಲ್ಲದವನ ಹೆಸರಿನಿಂದ ರೊಕ್ಕ ಬಿದ್ದರೆ ಆ ದೇಶದ ಬ್ಯಾಂಕು ಲೆಕ್ಕ ಕೇಳುತ್ತದೆ, ಖಾತೆಯನ್ನೇ ತಡೆಹಿಡಿಯಬಹುದು. ಓದಲು ಹೋದ ಹುಡುಗ ಯಾವ ಉತ್ತರ ಕೊಡಬೇಕು? ಚೀಲ ಹಾಗೇ ಮುಚ್ಚಿದರು. ಮರುದಿನ ರೊಕ್ಕ ತಮ್ಮ ಖಾತೆಗೆ ತುಂಬಿ, ಅಲ್ಲಿಂದ ಕಳಿಸಿದರು. ಮೂರು ದಿನ ತಡವಾಯಿತು, ಮುಟ್ಟಿತು.

ಈಗ ಸರಿಯಾದ ದಾರಿ. ದೊಡ್ಡ ಮೊತ್ತಕ್ಕೆ ಬ್ಯಾಂಕಿನ ತಂತಿ ವರ್ಗಾವಣೆಯೇ ಮುಖ್ಯ. ಜನ ಇದನ್ನು ಸ್ವಿಫ್ಟ್ ಅನ್ನುತ್ತಾರೆ. ಸ್ವಿಫ್ಟ್ ಅಂದರೆ ಬೆಲ್ಜಿಯಂನಲ್ಲಿ 1973ರಲ್ಲಿ ಸ್ಥಾಪನೆಯಾದ, ಬ್ಯಾಂಕುಗಳೇ ಸದಸ್ಯರಾಗಿ ಕಟ್ಟಿಕೊಂಡ ಸಂಸ್ಥೆ. ಹೌದ್ರಿ, ಅದೂ ಒಂದು ಸಹಕಾರಿ ಸಂಘವೇ! ಅದು ರೊಕ್ಕ ಒಯ್ಯುವುದಿಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಸಂದೇಶ ಒಯ್ಯುತ್ತದೆ. ನೀವು ಎ-2 ಫಾರ್ಮ್ ತುಂಬಬೇಕು, ಪ್ಯಾನ್ ಕಾರ್ಡ್ ಬೇಕೇ ಬೇಕು, ಯಾವ ಉದ್ದೇಶಕ್ಕೆ ಅಂತ ಬರೆಯಬೇಕು. ಕಾಲೇಜಿನ ಪ್ರವೇಶಪತ್ರ, ಫೀ ಚೀಟಿ ಜೊತೆಗಿರಲಿ. ರೊಕ್ಕ ನಿಮ್ಮ ಖಾತೆಯಿಂದಲೇ ಹೋಗಬೇಕು, ನೋಟಿನ ಕಟ್ಟು ಒಯ್ದರೆ ತಗೊಳ್ಳುವುದಿಲ್ಲ. ಮುಟ್ಟುವ ಬ್ಯಾಂಕಿನ ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರ ಇರುತ್ತದೆ. ಜರ್ಮನಿಯಾದರೆ 22 ಅಕ್ಷರದ ಐಬಾನ್ ನಂಬರ್ ಬೇಕು, ಅಮೇರಿಕೆಯಲ್ಲಿ ಐಬಾನ್ ಇಲ್ಲ, 9 ಅಂಕಿಯ ರೌಟಿಂಗ್ ನಂಬರ್. ಇವನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಮಗನಿಂದ ಬರಹದಲ್ಲಿಯೇ ತರಿಸಿಕೊಳ್ಳಿ.

ಇಲ್ಲಿ ನನ್ನದೇ ಫಜೀತಿ ಹೇಳಬೇಕು. ಇಡೀ ಜನ್ಮ ಇದೇ ಕೆಲಸ ಮಾಡಿದವನು, ನಿವೃತ್ತನಾದ ಮೇಲೆ ಮಗಳ ಫೀ ಕಳಿಸುವಾಗ ತಪ್ಪಿದೆ. ಫಾರ್ಮಿನಲ್ಲಿ ಖರ್ಚು ಯಾರು ಭರಿಸಬೇಕು ಅಂತ ಒಂದು ಕಾಲಮು ಇರುತ್ತದೆ. ಕಳಿಸುವವರು, ಪಡೆಯುವವರು, ಇಲ್ಲವೇ ಇಬ್ಬರೂ ಹಂಚಿಕೊಳ್ಳುವುದು. ನಾನು ಹಂಚಿಕೆ ಅಂತ ಗುರುತು ಹಾಕಿದೆ. ನಡುವಿನ ಬ್ಯಾಂಕು ತನ್ನ ಪಾಲು 25 ಡಾಲರ್ ಮುರಿದುಕೊಂಡಿತು. ಫೀ 25 ಡಾಲರ್ ಕಡಿಮೆ ಬಿತ್ತು ಅಂತ ಮಗಳ ಹೆಸರು ಪಟ್ಟಿಗೆ ಏರಲಿಲ್ಲ. ರಾತ್ರಿ ಎರಡು ಗಂಟೆಗೆ ಅಳುತ್ತಾ ಫೋನ್ ಮಾಡಿದಳು. ಫೀ ಕಳಿಸುವಾಗ ಖರ್ಚೆಲ್ಲ ಕಳಿಸುವವನದೇ ಅಂತ ಬರೆಯಿರಿ. ನಾಲ್ಕು ರೂಪಾಯಿ ಹೆಚ್ಚಾಗಲಿ.

ಆದರೆ ನಿಜವಾದ ಖರ್ಚು ಈ ಕಮಿಷನ್ನಿನಲ್ಲಿ ಇಲ್ಲ, ದರದಲ್ಲಿದೆ. ಅಮರಗೋಳದ ಎಪಿಎಂಸಿಯಲ್ಲಿ ನಾಲ್ಕು ಅಂಗಡಿ ತಿರುಗಿ ಮೆಣಸಿನಕಾಯಿ ದರ ಕೇಳುವ ನಾವು, ಬ್ಯಾಂಕಿನಲ್ಲಿ ಯೂರೋ ದರ ಹೇಳಿದ ಕೂಡಲೇ ತಲೆ ಅಲ್ಲಾಡಿಸುತ್ತೇವೆ. ಜರ್ಮನಿಗೆ ಹೋಗುವ ವಿದ್ಯಾರ್ಥಿ ಒಂದು ವರ್ಷದ ಖರ್ಚನ್ನು ತಡೆಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರದಲ್ಲಿ ಅದು ತಿಂಗಳಿಗೆ 992ರಂತೆ 11,904 ಯೂರೋ ಎಂದು ಆಯಿತು. ಮಾರುಕಟ್ಟೆಯಲ್ಲಿ ಯೂರೋ ನೂರು ರೂಪಾಯಿ ಇದ್ದು ಬ್ಯಾಂಕು ನೂರಾ ಎರಡು ಹಚ್ಚಿತು ಅಂತ ಇಟ್ಟುಕೊಳ್ಳಿ. ನಿಮ್ಮ ಕಿಸೆಯಿಂದ 23,808 ರೂಪಾಯಿ ಸದ್ದಿಲ್ಲದೆ ಹೋಯಿತು. ಎರಡು-ಮೂರು ಕಡೆ ಕೇಳಿರಿ, ಚೌಕಾಶಿ ಮಾಡಿರಿ. ದೊಡ್ಡ ಮೊತ್ತಕ್ಕೆ ಮ್ಯಾನೇಜರರು ದರ ಇಳಿಸುವುದುಂಟು, ನಾನೇ ಇಳಿಸಿದ್ದೇನೆ. ಕೇಳದವರಿಗೆ ಇಳಿಸಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನು ಟಿಸಿಎಸ್. ಒಂದು ಹಣಕಾಸು ವರ್ಷದಲ್ಲಿ, ಎಲ್ಲ ಬ್ಯಾಂಕು ಸೇರಿ, ಒಂದು ಪ್ಯಾನ್ ಮೇಲೆ 10 ಲಕ್ಷ ದಾಟಿದರೆ ಮೇಲಿನ ಮೊತ್ತಕ್ಕೆ ತೆರಿಗೆ ಹಿಡಿಯುತ್ತಾರೆ. ಮೊದಲು ಈ ಮಿತಿ 7 ಲಕ್ಷ ಇತ್ತು, 2025ರ ಏಪ್ರಿಲ್ 1ರಿಂದ 10 ಲಕ್ಷ ಆಯಿತು. ಅಂದಿನಿಂದ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಫೀಗೆ ಇದನ್ನು ಹಿಡಿಯುವುದಿಲ್ಲ. ಶಿಕ್ಷಣ ಮತ್ತು ಔಷಧೋಪಚಾರಕ್ಕೆ ದರ ಕಡಿಮೆ, ಬೇರೆ ಕಾರಣಕ್ಕೆ ಹೆಚ್ಚು. ದರ ಬಜೆಟ್ಟಿನಲ್ಲಿ ಬದಲಾಗುವಂಥದ್ದು, ಕಳಿಸುವ ದಿನ ಕೇಳಿಕೊಳ್ಳಿ. "ನಮ್ಮದು ಒಕ್ಕಲುತನದ ಆದಾಯ, ನಮಗ್ಯಾಕ ತೆರಿಗಿ?" ಅಂತ ಜಗಳಾಡಿದವರನ್ನು ಕಂಡಿದ್ದೇನೆ. ಅದು ಕಳಕೊಂಡ ರೊಕ್ಕವಲ್ಲ. ರಿಟರ್ನ್ ಸಲ್ಲಿಸಿದರೆ, ತೆರಿಗೆ ಬಾಕಿ ಇಲ್ಲದವರಿಗೆ ವಾಪಸು ಬರುತ್ತದೆ. ರಿಟರ್ನ್ ತುಂಬದೆ ಬಿಟ್ಟವರದು ಅಲ್ಲಿಯೇ ಕೂಡುತ್ತದೆ.

ಉಳಿದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹೋಗುವಾಗ ಕೈಯಲ್ಲಿ ಒಯ್ಯುವ ವಿದೇಶಿ ನೋಟು ಬಹುತೇಕ ದೇಶಗಳಿಗೆ 3,000 ಡಾಲರ್ ಮೀರಬಾರದು, ಉಳಿದದ್ದನ್ನು ಫಾರೆಕ್ಸ್ ಕಾರ್ಡಿನಲ್ಲಿ ತುಂಬಿಸಿರಿ. ಸಿಂಗಾಪುರದಲ್ಲಿ ಮಕ್ಕಳಿದ್ದವರಿಗೆ 2023ರ ಫೆಬ್ರುವರಿ 21ರಿಂದ ಯುಪಿಐ ಅನ್ನು ಅಲ್ಲಿಯ ಪೇನೌ ಜೊತೆ ಜೋಡಿಸಿದ್ದಾರೆ, ಸಣ್ಣ ಮೊತ್ತಕ್ಕೆ ಮೊಬೈಲಿನಿಂದಲೇ ಆಗುತ್ತದೆ. ನಮ್ಮ ಓಣಿ ಕಾಯುವ ನೇಪಾಳದ ಗೂರ್ಖಾಗಳಿಗೂ 2008ರಿಂದ ಒಂದು ಯೋಜನೆ ಇದೆ, ಬ್ಯಾಂಕಿನ ಮೂಲಕ ಊರಿಗೆ ಕಳಿಸಬಹುದು. ಆ ಹುಡುಗರಿಗೆ ಇದನ್ನು ತಿಳಿಸಿ ಹೇಳಿರಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಕೊಂಡವರಿದ್ದಾರೆ. ರಿಸರ್ವ್ ಬ್ಯಾಂಕಿನ ಮನಿ ಟ್ರಾನ್ಸ್‌ಫರ್ ಯೋಜನೆ ಅಂತ ಕೆಲವು ಅಂಗಡಿಗಳ ಬೋರ್ಡಿನಲ್ಲಿ ಕಾಣುವುದು ಅಲ್ಲಿಂದ ಬರುವ ರೊಕ್ಕಕ್ಕೆ ಮಾತ್ರ, ಇಲ್ಲಿಂದ ಕಳಿಸುವುದಕ್ಕಲ್ಲ.

"ಲಾಟರಿ ಹತ್ತೈತಿ, ಬಿಡಸ್ಕೊಳ್ಳಾಕ ಮೊದಲ ಇಷ್ಟು ಕಳಸ್ರಿ" ಅಂತ ಪರದೇಶದಿಂದ ಫೋನ್ ಬಂದರೆ ಇಟ್ಟುಬಿಡಿ. ಲಾಟರಿಗಾಗಿ ಹೊರಕ್ಕೆ ರೊಕ್ಕ ಕಳಿಸುವುದಕ್ಕೆ ಕಾಯಿದೆಯಲ್ಲಿಯೇ ನಿಷೇಧವಿದೆ.

ನನ್ನ ವೇಳೆ ಮುಗಿಯಿತು ಅಂತ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟದ ನಂತರ ಸಂಘದ ಕಟ್ಟೆಯ ಮೇಲೆ ಕೂತಿರುತ್ತೇನೆ. ಪ್ರವೇಶಪತ್ರ, ಫಾರ್ಮು ತಂದವರು ಬರ್ರಿ, ಕೂಡಿ ನೋಡೋಣ.