ತೋಳದಿಂದ ಮುಧೋಳದವರೆಗೆ: ನಾಯಿಯ ತಳಿಗಳು ಬೆಳೆದು ಬಂದ ಬಗೆ

(ಭಾಷಣದ ಪಾಠ)



ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಲ್ಲಿರುವ ರಾಜರಾಜೇಶ್ವರಿನಗರ ಇಂದು ದೊಡ್ಡ ಬಡಾವಣೆ. ಅದರೊಳಗೆ ಸೇರಿಹೋಗಿರುವ ಹಲಗೆವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿ ಮೊದಲಾದವು ಹಿಂದೆ ಬೇಸಾಯದ ಹಳ್ಳಿಗಳು. ಹೊಲಗಳು ನಿವೇಶನಗಳಾದವು, ಹಳ್ಳಿಯ ನಾಯಿ ಮಾತ್ರ ಬೀದಿಯಲ್ಲೇ ಉಳಿಯಿತು. ಹೀಗಾಗಿ ಅಲ್ಲಿನ ಒಂದೇ ಬೀದಿಯಲ್ಲಿ ಎರಡು ಬಗೆಯ ನಾಯಿಗಳು ಎದುರಾಗುತ್ತವೆ. ಒಂದು, ಯಜಮಾನನು ಸರಪಳಿ ಹಿಡಿದು ನಡೆಸುವ ಲ್ಯಾಬ್ರಡಾರ್ ಅಥವಾ ಪಗ್. ಇನ್ನೊಂದು, ಕಂದು ಮೈಯ, ಡೊಂಕು ಬಾಲದ ಬೀದಿ ನಾಯಿ. ಮೊದಲನೆಯದನ್ನು ‘ಜಾತಿ ನಾಯಿ’ ಎಂದೂ ಎರಡನೆಯದನ್ನು ‘ಕಂತ್ರಿ ನಾಯಿ’ ಎಂದೂ ಕರೆಯುವುದು ರೂಢಿ. ಆದರೆ ಎರಡರ ಮೂಲವೂ ತೋಳವೇ. ತೋಳ ನಾಯಿಯಾದದ್ದು ಹೇಗೆ, ಒಂದೇ ನಾಯಿಯಿಂದ ಇಷ್ಟೊಂದು ತಳಿಗಳಾದದ್ದು ಹೇಗೆ ಎಂಬುದನ್ನು ತಿಳಿದುಕೊಂಡರೆ, ರೈತನು ದಿನವೂ ಬಳಸುವ ಆಯ್ಕೆಯ ತತ್ತ್ವವೇ ಅಲ್ಲಿಯೂ ಕೆಲಸ ಮಾಡಿದೆ ಎಂಬುದು ಮನದಟ್ಟಾಗುತ್ತದೆ.

ಮೂಲ ಯಾವುದು?

ನಾಯಿಯನ್ನು ಹೋಲುವ ಕಾಡುಪ್ರಾಣಿಗಳು ಕರ್ನಾಟಕದಲ್ಲೇ ಹಲವಿವೆ: ತೋಳ, ಗುಳ್ಳೆನರಿ, ಕಾಡುನಾಯಿ. ನಾಯಿಗಳ ಆಕಾರದಲ್ಲಿರುವ ವೈವಿಧ್ಯವನ್ನು ನೋಡಿದ ಚಾರ್ಲ್ಸ್ ಡಾರ್ವಿನ್, 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವು ಒಂದಕ್ಕಿಂತ ಹೆಚ್ಚು ಕಾಡುಜಾತಿಗಳಿಂದ ಬಂದಿರಬೇಕೆಂದು ಊಹಿಸಿದ್ದನು. ಈಗ ವಂಶವಾಹಿಗಳ ಪರೀಕ್ಷೆಯಿಂದ ಈ ಸಂಶಯ ಬಗೆಹರಿದಿದೆ. ನಾಯಿ ಬಂದದ್ದು ಬೂದು ತೋಳದಿಂದ. ನರಿಯಿಂದಲೂ ಅಲ್ಲ, ಕಾಡುನಾಯಿಯಿಂದಲೂ ಅಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಂದು ಬದುಕಿರುವ ಯಾವ ತೋಳವೂ ನಾಯಿಯ ನೇರ ತಾತನಲ್ಲ. ನಾಯಿಗೆ ಜನ್ಮ ಕೊಟ್ಟ ಹಳೆಯ ತೋಳದ ಪೀಳಿಗೆ ಅಳಿದುಹೋಗಿದೆ. ಕೊಪ್ಪಳದ ಕುರಿ ಹಿಂಡಿನ ಹಿಂದೆ ಸುಳಿಯುವ ತೋಳವು ನಾಯಿಗೆ ದಾಯಾದಿಯೇ ಹೊರತು ತಂದೆಯಲ್ಲ. ಆದರೂ ನೆಂಟಸ್ತಿಕೆ ಎಷ್ಟು ಹತ್ತಿರದ್ದೆಂದರೆ, ತೋಳವೂ ನಾಯಿಯೂ ಕೂಡಿದರೆ ಮರಿಗಳಾಗುತ್ತವೆ. ಆ ಮರಿಗಳಿಗೂ ಸಂತಾನ ಉಂಟಾಗುತ್ತದೆ.

ಬೇಸಾಯಕ್ಕಿಂತ ಹಳೆಯ ಸ್ನೇಹ

ಮನುಷ್ಯನು ದನ, ಕುರಿ, ಮೇಕೆಗಳನ್ನು ಪಳಗಿಸಿದ್ದು ಬೇಸಾಯದ ಕಾಲದಲ್ಲಿ. ನಾಯಿ ಅದಕ್ಕೂ ಮೊದಲೇ, ಬೇಟೆಯಾಡಿ ಬದುಕುತ್ತಿದ್ದ ಕಾಲದಲ್ಲೇ, ಅವನ ಜೊತೆಗೂಡಿತು. ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ಸಿಕ್ಕ ಒಂದು ಗೋರಿಯಲ್ಲಿ ಇಬ್ಬರು ಮನುಷ್ಯರೊಡನೆ ನಾಯಿಮರಿಯನ್ನೂ ಹೂಳಲಾಗಿತ್ತು. ಅದರ ಕಾಲ ಸುಮಾರು 14,000 ವರ್ಷಗಳ ಹಿಂದೆ. ಆ ಮರಿಗೆ ಡಿಸ್ಟೆಂಪರ್ ರೋಗ ತಗಲಿತ್ತೆಂದೂ, ಯಾರೋ ಆರೈಕೆ ಮಾಡಿದ್ದರಿಂದಲೇ ಅದು ಕೆಲವು ವಾರ ಬದುಕಿರಬೇಕೆಂದೂ ಹಲ್ಲುಗಳ ಪರೀಕ್ಷೆಯಿಂದ ವಿಜ್ಞಾನಿಗಳು ತರ್ಕಿಸಿದ್ದಾರೆ.

ಈ ಸ್ನೇಹ ಬೆಳೆದದ್ದು ಹೇಗೆ? ಬೀಡುಗಳ ಬಳಿ ಬಿಸಾಡಿದ ಎಲುಬು, ಎಂಜಲುಗಳಿಗಾಗಿ ತೋಳಗಳು ತಾವಾಗಿ ಹತ್ತಿರ ಬಂದವೆಂದು ಕೆಲವರ ವಾದ. ಜನರೇ ಮರಿಗಳನ್ನು ತಂದು ಸಾಕಿದರೆಂದು ಮತ್ತೆ ಕೆಲವರ ವಾದ. ಹೇಗೇ ಆಗಿರಲಿ, ಮನುಷ್ಯನನ್ನು ಕಂಡು ಬೆದರಿ ಓಡುವ ತೋಳಕ್ಕೆ ಅಲ್ಲಿ ತುತ್ತು ಸಿಗಲಿಲ್ಲ; ಮೇಲೆ ಬೀಳುವ ತೋಳವನ್ನು ಜನ ಉಳಿಸಲಿಲ್ಲ. ಸಾಧು ಸ್ವಭಾವದವು ಉಳಿದು ಮರಿ ಹಾಕಿದವು. ತಲೆಮಾರಿನಿಂದ ತಲೆಮಾರಿಗೆ ಆ ಗುಣವೇ ಗಟ್ಟಿಯಾಯಿತು.

ರಾಗಿಯ ವಿಷಯದಲ್ಲಿಯೂ ನಡೆದದ್ದು ಇದೇ. ಕಾಡುರಾಗಿಯ ಕಾಳು ಬಲಿತೊಡನೆ ಉದುರುತ್ತದೆ. ಉದುರದೆ ತೆನೆಯಲ್ಲಿ ನಿಂತ ಕಾಳನ್ನೇ ಜನ ಕೊಯ್ದು ತಂದರು, ಅದನ್ನೇ ಬಿತ್ತಿದರು. ಉದುರದ ರಾಗಿಯನ್ನು ಮಾಡಬೇಕೆಂದು ಯಾರೂ ಯೋಚಿಸಿ ಕುಳಿತಿರಲಿಲ್ಲ. ಆಯ್ಕೆ ತಾನಾಗಿ ಆಯಿತು.

ಡೊಂಕು ಬಾಲದ ಗುಟ್ಟು

ಸ್ವಭಾವವನ್ನು ಆರಿಸಿದರೆ ಆಕಾರವೂ ಬದಲಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಸೋವಿಯತ್ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ಪ್ರಯೋಗವೊಂದನ್ನು ಆರಂಭಿಸಿದರು. ತುಪ್ಪಳಕ್ಕಾಗಿ ಸಾಕುತ್ತಿದ್ದ ನರಿಗಳಲ್ಲಿ ಸಾಧುವಾದವನ್ನೇ ಪ್ರತಿ ತಲೆಮಾರಿನಲ್ಲಿ ಆರಿಸಿ ಕೂಡಿಸಲಾಯಿತು. ಬೇರೆ ಯಾವ ಗುಣವನ್ನೂ ನೋಡಲಿಲ್ಲ. ಕೆಲವೇ ತಲೆಮಾರುಗಳಲ್ಲಿ ಮರಿಗಳು ಬಾಲವಾಡಿಸುತ್ತಾ ಮನುಷ್ಯರ ಬಳಿ ಬರತೊಡಗಿದವು. ಜೊತೆಗೆ ಕೆಲವು ಮರಿಗಳ ಕಿವಿ ಜೋತುಬಿದ್ದಿತು, ಮೈಮೇಲೆ ಬಿಳಿ ಮಚ್ಚೆ ಮೂಡಿತು, ಬಾಲ ಮೇಲಕ್ಕೆ ಸುರುಳಿ ಸುತ್ತಿತು.

ನಾಯಿ ಬಾಲ ಎಂದಿಗೂ ಡೊಂಕು ಎಂಬ ಗಾದೆಯನ್ನು ತಿದ್ದಲಾಗದ ಗುಣಕ್ಕೆ ಹೋಲಿಸಿ ಹೇಳುವುದುಂಟು. ಆದರೆ ತೋಳದ ಬಾಲ ಡೊಂಕಲ್ಲ, ಅದು ಕೆಳಕ್ಕೆ ಇಳಿಬಿದ್ದಿರುತ್ತದೆ. ಡೊಂಕು ಬಾಲವು ನಾಯಿ ಮನುಷ್ಯನ ಜೊತೆ ಪಳಗಿದ್ದರ ಗುರುತುಗಳಲ್ಲೊಂದು.

ಹೊಟ್ಟೆಯೊಳಗೂ ಬದಲಾವಣೆಯಾಯಿತು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿಗೆ ತೋಳದಲ್ಲಿ ಸಾಮಾನ್ಯವಾಗಿ 2 ಪ್ರತಿಗಳಿದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇರುವುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಹಟ್ಟಿಯ ನಾಯಿ ಮುದ್ದೆ ತಿಂದು ಬದುಕಬಲ್ಲದಾದರೆ ಅದಕ್ಕೆ ಇದೇ ಕಾರಣ. ರೈತನು ಧಾನ್ಯ ಬೆಳೆದನು; ಆ ಧಾನ್ಯಕ್ಕೆ ತಕ್ಕಂತೆ ನಾಯಿಯ ಹೊಟ್ಟೆ ಹೊಂದಿಕೊಂಡಿತು.

ತಳಿ ಆದದ್ದು ಹೇಗೆ?

ಇದುವರೆಗೆ ಹೇಳಿದ್ದು ಮೊದಲ ಹಂತ. ರಾಜರಾಜೇಶ್ವರಿನಗರದ ಬೀದಿ ನಾಯಿ ಈ ಹಂತದ ಪ್ರತಿನಿಧಿ. ಅದನ್ನು ಕಲಬೆರಕೆಯೆಂದು ಹೀಗಳೆಯುವುದು ಸರಿಯಲ್ಲ. ಬಹುಮಟ್ಟಿಗೆ ಅದು ಈ ನೆಲದ ಬಿಸಿಲು, ಮಳೆ, ರೋಗಗಳಿಗೆ ಹೊಂದಿಕೊಂಡು ಬಂದ ನಾಟಿ ನಾಯಿ. ಎರಡನೆಯ ಹಂತದಲ್ಲಿ ಮನುಷ್ಯನು ಉದ್ದೇಶವಿಟ್ಟುಕೊಂಡು ಜೋಡಿಗಳನ್ನು ಆರಿಸಿದನು. ಕಾವಲಿಗೆ ಒಂದು, ಕುರಿ ಮಂದೆಗೆ ಒಂದು, ಬೇಟೆಗೆ ಒಂದು ಎಂದು ತಳಿಗಳು ಬೇರೆಯಾದವು. ಇಂಡಾಫ್ ರಾಗಿಯ ಮಾದರಿ ಇಲ್ಲಿ ನೆನಪಿಗೆ ಬರುತ್ತದೆ. ಮಂಡ್ಯದ ವಿ. ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಗುರಿಯಿಟ್ಟು ಸಂಕರಿಸಿ ಆ ತಳಿಗಳನ್ನು ಪಡೆದರು.

ಕನ್ನಡ ನಾಡಿನಲ್ಲಿ ಒಳ್ಳೆಯ ಬೇಟೆ ನಾಯಿಗೆ ಬೆಲೆಯಿದ್ದುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. 949-50ರ ಈ ಶಾಸನದ ಪ್ರಕಾರ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ದೊರೆ ಬೂತುಗನಿಂದ ಬಹುಮಾನವಾಗಿ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಂದು ಕರ್ನಾಟಕದ ಹೆಸರಾಂತ ತಳಿ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲುಗಳು ಇದರ ಲಕ್ಷಣ. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ; ಬಯಲುಸೀಮೆಯಲ್ಲಿ ಮೊಲವನ್ನು ಅಟ್ಟಲು ತಕ್ಕ ಮೈಕಟ್ಟು. ಇದರ ಪೂರ್ವಜರು ಪಶ್ಚಿಮ ಮತ್ತು ಮಧ್ಯ ಏಷ್ಯದ ಕಡೆಯಿಂದ ಬಂದ ಬೇಟೆ ನಾಯಿಗಳೆಂದು ಹೇಳಲಾಗುತ್ತದೆ. ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಈ ನಾಯಿಗಳನ್ನು ಗುರುತಿಸಿ, ಆರಿಸಿ ಬೆಳೆಸಿ ತಳಿಗೆ ಹೆಸರು ತಂದರು. ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ.

ಆಯ್ಕೆಯ ಬೆಲೆ

ಆಯ್ಕೆಯಿಂದ ಬಂದದ್ದು ಆಯ್ಕೆ ತಪ್ಪಿದರೆ ಹೋಗುತ್ತದೆ. ಮುಧೋಳ ನಾಯಿಯನ್ನು ಕಂಡಕಂಡ ತಳಿಯೊಡನೆ ಕೂಡಿಸಿದರೆ ಕೆಲವೇ ತಲೆಮಾರುಗಳಲ್ಲಿ ಅದರ ಓಟ ಕಳೆದುಹೋಗುತ್ತದೆ. ತಳಿ ಶುದ್ಧವಾಗಿರಲೆಂದು ಒಡಹುಟ್ಟಿದವನ್ನೇ ಕೂಡಿಸುತ್ತ ಹೋದರೆ ಮರಿಗಳು ದುರ್ಬಲವಾಗುತ್ತವೆ. ಚಂದಕ್ಕಾಗಿ ಒಂದೇ ಗುಣವನ್ನು ಎಳೆದಾಡಿದರೂ ಕಷ್ಟವೇ: ಪಗ್ ನಾಯಿಯ ಮುಖವನ್ನು ಚಪ್ಪಟೆ ಮಾಡಿದ್ದರಿಂದ ಅದಕ್ಕೆ ಸಲೀಸಾಗಿ ಉಸಿರಾಡಲೂ ಆಗದು.

ದಾಯಾದಿ ತೋಳದ ಗತಿಯೂ ಚಿಂತೆಯದೇ. ಭಾರತದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಎಂದು ಅಂದಾಜು. ಮೇಲುಕೋಟೆಯಲ್ಲಿ 1974ರಷ್ಟು ಹಿಂದೆಯೇ ತೋಳಗಳಿಗಾಗಿ ವನ್ಯಧಾಮ ಏರ್ಪಟ್ಟಿತು. ಆದರೆ ಹೊಲ, ಗುಡ್ಡಗಳಲ್ಲಿ ಅಲೆಯುವ ನಾಯಿಗಳಿಂದ ತೋಳಗಳಿಗೆ ರೇಬಿಸ್, ಡಿಸ್ಟೆಂಪರ್ ತಗಲುತ್ತವೆ; ಸಂಕರವೂ ನಡೆಯುತ್ತದೆ. ಪುಣೆಯ ಸಮೀಪ ಇಂಥ ಸಂಕರವು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ದೃಢಪಟ್ಟಿತು. ಕಳೆದುಹೋದ ಮೂಲ ತಳಿ ಮತ್ತೆ ಸಿಗುವುದಿಲ್ಲ ಎಂಬುದನ್ನು ಬೀಜ ಕಾಪಾಡುವ ರೈತನಿಗೆ ಬೇರೆ ಹೇಳಬೇಕಾಗಿಲ್ಲ.

ನಾಯಿ ಸಾಕುವವರು ಗಮನಿಸಬೇಕಾದ ಅಂಶಗಳು

1. ಕೆಲಸಕ್ಕೆ ಮತ್ತು ಹವೆಗೆ ತಕ್ಕ ನಾಯಿಯನ್ನು ಆರಿಸಿಕೊಳ್ಳಿ. ಹಟ್ಟಿ, ತೋಟಗಳ ಕಾವಲಿಗೆ ನಾಟಿ ನಾಯಿ ಸಾಕು.

2. ಮುಧೋಳ ನಾಯಿ ಸಾಕುವವರು ತಂದೆ, ತಾಯಿ, ಅಜ್ಜ, ಅಜ್ಜಿಯರ ವಿವರ ಬರೆದಿಡಿ. ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸಬೇಡಿ.

3. ಮೊದಲ ಬೆದೆಗೇ ಕೂಡಿಸಬೇಡಿ; ಮೈ ತುಂಬುವವರೆಗೆ ಕಾಯಿರಿ. ಗರ್ಭದ ಅವಧಿ ಸುಮಾರು 63 ದಿನ.

4. ಮರಿಗೆ 3 ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆನಂತರ ಪಶುವೈದ್ಯರ ಸಲಹೆಯಂತೆ ಮುಂದುವರಿಸಿ. ಡಿಸ್ಟೆಂಪರ್ ಲಸಿಕೆಯನ್ನು ಮರೆಯಬೇಡಿ.

5. ಬೇಡವಾದ ಮರಿಗಳನ್ನು ಊರಾಚೆ ಬಿಟ್ಟು ಬರಬೇಡಿ. ಬೇಡವೆಂದಾದರೆ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.

ತೋಳವನ್ನು ನಾಯಿ ಮಾಡಲು ಸಾವಿರಾರು ತಲೆಮಾರುಗಳು ಬೇಕಾದವು. ಆ ಶ್ರಮದ ಫಲವನ್ನು ಕೆಡದಂತೆ ಮುಂದಿನವರಿಗೆ ದಾಟಿಸುವುದು ನಾಯಿ ಸಾಕುವ ಪ್ರತಿಯೊಬ್ಬರ ಹೊಣೆ.